ಶಟ್‌ಡೌನ್: ಡ್ಯೂಟಿ ಉಂಟು, ಸಂಬಳ ಇಲ್ಲ

ಸೆಪ್ಟೆಂಬರ್ ಕೊನೆ ಹತ್ತಿರ ಬಂದರೆ ಅಮೆರಿಕದ ಸುದ್ದಿಗಳಲ್ಲಿ ಈ ಪದ ತಲೆ ಎತ್ತುತ್ತದೆ. ಕನ್ನಡದಲ್ಲಿ ‘ಸರ್ಕಾರ ಸ್ಥಗಿತ’ ಅಂತಲೋ ‘ಸರ್ಕಾರ ಬಂದ್’ ಅಂತಲೋ ಓದುತ್ತೇವೆ. ಬಂದ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಾಗಿಲು ಹಾಕಿದ ಅಂಗಡಿ, ಡಿಪೋದಲ್ಲೇ ನಿಂತ ಬಸ್ಸು. ಶಟ್‌ಡೌನ್ ಹಾಗಿರುವುದಿಲ್ಲ. ಅಂಚೆ ಬರುತ್ತದೆ, ವಿಮಾನ ಹಾರುತ್ತದೆ, ವಯಸ್ಸಾದವರ ಪಿಂಚಣಿಯೂ ಖಾತೆಗೆ ಬೀಳುತ್ತದೆ. ಬೀಗ ಬೀಳುವುದು ಖಜಾನೆಗೆ.

ಅಲ್ಲಿ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ ಕಾಂಗ್ರೆಸ್ (ಅದು ಅವರ ಸಂಸತ್ತಿನ ಹೆಸರು, ನಮ್ಮ ಪಕ್ಷ ಅಲ್ಲ!) ಖರ್ಚಿನ 12 ಮಸೂದೆಗಳನ್ನು ಪಾಸು ಮಾಡಬೇಕು. ಆಗಲಿಲ್ಲ ಅಂದರೆ ಕೆಲವು ವಾರಗಳ ಮಟ್ಟಿಗೆ ಹಳೇ ಲೆಕ್ಕದಲ್ಲೇ ಖರ್ಚು ಮಾಡಿ ಅಂತ ಒಪ್ಪಿಗೆ ಕೊಡಬಹುದು. ನಮ್ಮ ಲೇಖಾನುದಾನದ ದೂರದ ನೆಂಟ ಅನ್ನಿ. ಅದಕ್ಕೂ ಜಗಳ ಬಿದ್ದರೆ ನಡುರಾತ್ರಿಯಿಂದಲೇ ಶಟ್‌ಡೌನ್.

ನಮ್ಮಲ್ಲಿ ಯಾಕೆ ಹೀಗಾಗುವುದಿಲ್ಲ? ಲೋಕಸಭೆಯಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ. ಅಲ್ಲಿ ಅಧ್ಯಕ್ಷರನ್ನೂ ಕಾಂಗ್ರೆಸ್ಸನ್ನೂ ಜನ ಬೇರೆ ಬೇರೆಯಾಗಿ ಆರಿಸುತ್ತಾರೆ. ಹಾಗಾಗಿ ಎಷ್ಟೇ ಹಟ ಹಿಡಿದರೂ ಯಾರ ಕುರ್ಚಿಯೂ ಅಲ್ಲಾಡುವುದಿಲ್ಲ. ಮೊದಲು ಅಲ್ಲೂ ಇಷ್ಟು ಬಿಗಿ ಇರಲಿಲ್ಲ. ಒಪ್ಪಿಗೆ ಇಲ್ಲದೆ ಸರ್ಕಾರ ಖರ್ಚು ಮಾಡಬಾರದು ಅನ್ನುವ ಕಾನೂನು 19ನೇ ಶತಮಾನದಿಂದಲೂ ಇದೆ. ಆದರೂ ಹಣ ಮಂಜೂರಾಗುವುದು ತಡವಾದರೆ ಕಚೇರಿಗಳು ಹೇಗೋ ನಡೆಯುತ್ತಿದ್ದವು. 1980ರಲ್ಲಿ ಅಟಾರ್ನಿ ಜನರಲ್ (ಅಲ್ಲಿನ ಸರ್ಕಾರದ ಕಾನೂನು ಮುಖ್ಯಸ್ಥ) ಬೆಂಜಮಿನ್ ಸಿವಿಲೆಟ್ಟಿ ಆ ಕಾನೂನನ್ನು ಅಕ್ಷರಶಃ ಪಾಲಿಸಬೇಕು ಅಂದರು. ಅಲ್ಲಿಂದ ಶುರುವಾಯಿತು ಈ ಕಾಟ.

ಶಟ್‌ಡೌನ್ ಬಂದರೆ ನೌಕರರು ಎರಡು ಪಾಲಾಗುತ್ತಾರೆ. ಒಂದು ಪಾಲಿಗೆ ‘ಫರ್ಲೋ’, ಅಂದರೆ ಸಂಬಳವಿಲ್ಲದ ಕಡ್ಡಾಯ ರಜೆ. ಮನೆಯಲ್ಲಿ ಕೂತು ಸುಮ್ನೆ ಆಫೀಸಿನ ಒಂದು ಮೇಲ್‌ಗೆ ಉತ್ತರ ಕೊಡುತ್ತೇನೆ ಅಂದರೂ ತಪ್ಪು, ಯಾಕೆಂದರೆ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದನ್ನೂ ಅದೇ ಕಾನೂನು ತಡೆಯುತ್ತದೆ. ಇನ್ನೊಂದು ಪಾಲು ‘ಅತ್ಯಗತ್ಯ’ ನೌಕರರದ್ದು. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡುವವರು, ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗಳು, ಜೈಲು ಕಾವಲಿನವರು. ಇವರು ಡ್ಯೂಟಿಗೆ ಬರಲೇಬೇಕು, ಸಂಬಳ ಮಾತ್ರ ಆಮೇಲೆ.

2018ರ ಡಿಸೆಂಬರ್ 22ರಿಂದ 35 ದಿನ ನಡೆದ ಶಟ್‌ಡೌನ್‌ನಲ್ಲಿ ಸುಮಾರು 8 ಲಕ್ಷ ನೌಕರರು ಸಿಕ್ಕಿಬಿದ್ದರು. ಜಗಳ ಅಧ್ಯಕ್ಷ ಟ್ರಂಪ್ ಕೇಳಿದ ಮೆಕ್ಸಿಕೋ ಗಡಿಯ ಗೋಡೆಯ ದುಡ್ಡಿನದ್ದು. ಅಲ್ಲಿ ಸಂಬಳ ಎರಡು ವಾರಕ್ಕೊಮ್ಮೆ. ಜನವರಿಯಲ್ಲಿ ಕೈಗೆ ಬಂದ ಪೇ ಸ್ಲಿಪ್‌ನಲ್ಲಿ ಹೆಸರು, ಇಲಾಖೆ ಎಲ್ಲ ಸರಿಯಾಗಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ಸೊನ್ನೆ. ಎಷ್ಟೋ ಜನ ಅದರ ಫೋಟೋ ತೆಗೆದು ಹಾಕಿದ್ದರು. ಖಾಯಂ ಸರ್ಕಾರಿ ನೌಕರಿಯವರು ಉಚಿತ ಊಟಕ್ಕೆ ಸಾಲು ನಿಂತರು. ಅತ್ತ ರಾಷ್ಟ್ರೀಯ ಉದ್ಯಾನಗಳ ಗೇಟು ತೆರೆದೇ ಇತ್ತು, ಕಸ ಎತ್ತುವವರಿಲ್ಲದೆ ತೊಟ್ಟಿಗಳು ತುಂಬಿ ಚೆಲ್ಲಿದವು. ಬಾಕಿ ಸಂಬಳ ಕೊಡಲೇಬೇಕು ಅಂತ 2019ರಲ್ಲಿ ಕಾನೂನಾಯಿತು. ಆದರೆ ಅದೇ ಕಟ್ಟಡದಲ್ಲಿ ನೆಲ ಒರೆಸುವ, ಕ್ಯಾಂಟೀನ್ ನಡೆಸುವ ಗುತ್ತಿಗೆಯವರಿಗೆ ಆ ಭರವಸೆ ಇಲ್ಲ. ನನಗೆ ಜಾಸ್ತಿ ಚುಚ್ಚುವುದು ಇದೇ. ಜಗಳ ಆಡುವ ಸಂಸದರ ಸಂಬಳ ಒಂದು ದಿನವೂ ನಿಲ್ಲುವುದಿಲ್ಲ, ಗೊತ್ತಲ್ವಾ?

2025ರಲ್ಲಿ ಆ ದಾಖಲೆಯೂ ಮುರಿಯಿತು. ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ. ಈ ಸಲ ಪೆಟ್ಟು ಅಡುಗೆಮನೆಗೇ ಬಿತ್ತು. ಬಡವರಿಗೆ ದಿನಸಿ ಕೊಳ್ಳಲು ಸರ್ಕಾರ ಕಾರ್ಡಿಗೆ ದುಡ್ಡು ಹಾಕುವ ‘ಸ್ನ್ಯಾಪ್’ ಯೋಜನೆ ಇದೆ, ಸುಮಾರು 4.2 ಕೋಟಿ ಜನ ಅದನ್ನು ನಂಬಿಕೊಂಡಿದ್ದಾರೆ. ನವೆಂಬರ್‌ನ ದುಡ್ಡು ಹೊತ್ತಿಗೆ ಸರಿಯಾಗಿ ಬರಲಿಲ್ಲ, ವಿಷಯ ಕೋರ್ಟಿಗೂ ಹೋಯಿತು.

ಬೆಂಗಳೂರಿಗೂ ಇದರ ಬಿಸಿ ತಟ್ಟುತ್ತದೆ. ಎಚ್‌-1ಬಿ ವೀಸಾಕ್ಕೆ ಅರ್ಜಿ ಹಾಕುವ ಮೊದಲು ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಯಿಂದ ‘ಎಲ್‌ಸಿಎ’ ಅನ್ನುವ ಕಾಗದ ಪಡೆಯಬೇಕು. ವೀಸಾ ಅರ್ಜಿ ನೋಡುವ ಕಚೇರಿ ಹೆಚ್ಚಾಗಿ ಶುಲ್ಕದ ದುಡ್ಡಿನಲ್ಲೇ ನಡೆಯುವುದರಿಂದ ತೆರೆದಿರುತ್ತದೆ, ಕಾರ್ಮಿಕ ಇಲಾಖೆಯ ಈ ಕೆಲಸ ನಿಂತುಹೋಗುತ್ತದೆ. 2025ರ ಅಕ್ಟೋಬರ್ ಪೂರ್ತಿ ಹೆಚ್ಚುಕಮ್ಮಿ ಹೀಗೇ ಆಯಿತು. ಕಂಪನಿ ಬದಲಿಸಲು ಹೊರಟಿದ್ದವರ ಕೈಯಲ್ಲಿ ಆಫರ್ ಲೆಟರ್ ಇದ್ದರೂ ಆ ಒಂದು ಕಾಗದಕ್ಕೆ ಕಾಯಬೇಕಾಯಿತು.

ಇದು ಮುಗಿಯುವುದು ಹೇಗೆ ಅನ್ನುವುದಕ್ಕೆ 2019ರ ಜನವರಿ 25 ನೋಡಿ. ಸಂಬಳವಿಲ್ಲದೆ ತಿಂಗಳು ದಾಟಿತ್ತು. ಅವತ್ತು ಬೆಳಿಗ್ಗೆ ಕೆಲವೇ ಕೆಲವು ಕಂಟ್ರೋಲರ್‌ಗಳು ಕೆಲಸಕ್ಕೆ ಬರಲಿಲ್ಲ. ನ್ಯೂಯಾರ್ಕಿನ ಲಗ್ವಾರ್ಡಿಯಾ ವಿಮಾನ ನಿಲ್ದಾಣಕ್ಕೆ ಹೊರಡಬೇಕಿದ್ದ ವಿಮಾನಗಳು ನೆಲದಲ್ಲೇ ನಿಂತವು. ಗೋಡೆಗೆ ದುಡ್ಡು ಸಿಗದಿದ್ದರೂ ಅಧ್ಯಕ್ಷರು ಅದೇ ದಿನ ಖರ್ಚಿನ ಮಸೂದೆಗೆ ಸಹಿ ಹಾಕಿದರು.