ಗ್ಯಾಡೋಲಿನಿಯಂ ತೋರಿಸದ ಉರಿಯೂತ: ಎಂಎಸ್ ಸ್ಕ್ಯಾನಿನಲ್ಲಿ ಏನನ್ನು ಹುಡುಕಬೇಕು?

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಮಿದುಳುಬಳ್ಳಿಯ ನರತಂತುಗಳ ಹೊದಿಕೆಯನ್ನು ಕೆಡಿಸುವ ರೋಗ. ಅದು ಇರುವವರ ಎಂಆರ್‌ಐ ವರದಿಯಲ್ಲಿ ‘ಗ್ಯಾಡೋಲಿನಿಯಂ ಹೀರಿದ ಲೀಶನ್ (ಹಾನಿಗೊಂಡ ಜಾಗ) ಇಲ್ಲ’ ಎಂದಿದ್ದ ಮಾತ್ರಕ್ಕೆ ಉರಿಯೂತವೇ ಇಲ್ಲ ಎಂದುಕೊಳ್ಳಬೇಡಿ. ಸಿರೆಗೆ ಚುಚ್ಚುವ ಕಾಂಟ್ರಾಸ್ಟ್ ದ್ರವ್ಯವಾದ ಗ್ಯಾಡೋಲಿನಿಯಂ ತೋರಿಸುವುದು ರಕ್ತ-ಮಿದುಳು ತಡೆ (ರಕ್ತದಲ್ಲಿನ ವಸ್ತುಗಳು ಮಿದುಳಿಗೆ ನುಗ್ಗದಂತೆ ಕಾಯುವ ಗೋಡೆ) ಬಿಟ್ಟುಕೊಂಡಿರುವುದನ್ನಷ್ಟೆ. ಹೊಸ ಲೀಶನ್ ಹೀಗೆ ಹೊಳೆಯುವುದು ಸಾಮಾನ್ಯವಾಗಿ 2ರಿಂದ 6 ವಾರ. ಆಮೇಲೆ ತಡೆ ಮುಚ್ಚಿಕೊಳ್ಳುತ್ತದೆ. ಆದರೆ ಕೆಲವು ಲೀಶನ್‌ಗಳ ಅಂಚಿನಲ್ಲಿ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಉಳಿಯುತ್ತದೆ. ರೋಗ ಮರುಕಳಿಸದಿದ್ದರೂ ನಡಿಗೆ ಕುಂದುತ್ತಾ ಹೋಗುವುದರ ಹಿಂದೆ ಇದರ ಪಾಲೂ ಇದೆ ಎಂಬ ಅಭಿಪ್ರಾಯ ಈಗ ಬಲಗೊಂಡಿದೆ.

ಇದರ ಗುರುತುಗಳಲ್ಲಿ ಮೊದಲು ಚೆನ್ನಾಗಿ ಕಲಿಯಬೇಕಾದ್ದು ಪ್ಯಾರಾಮ್ಯಾಗ್ನೆಟಿಕ್ ರಿಮ್, ಅಂದರೆ ಲೀಶನ್ನಿನ ಅಂಚಿನಲ್ಲಿ ಕಬ್ಬಿಣದಿಂದ ಮೂಡುವ ಗೆರೆ. ನರತಂತುವಿನ ಹೊದಿಕೆಯಾದ ಮೈಲಿನ್ ಕಟ್ಟುವ ಆಲಿಗೋಡೆಂಡ್ರೋಸೈಟ್‌ಗಳಲ್ಲಿ ಕಬ್ಬಿಣ ಹೇರಳವಾಗಿರುತ್ತದೆ. ಅವು ಸತ್ತಾಗ ಹೊರಬೀಳುವ ಕಬ್ಬಿಣವನ್ನು ಲೀಶನ್ನಿನ ಅಂಚಿನಲ್ಲಿರುವ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಮತ್ತು ಮ್ಯಾಕ್ರೋಫೇಜ್‌ಗಳು ಒಳಗೆಳೆದುಕೊಳ್ಳುತ್ತವೆ. ಈ ಕಬ್ಬಿಣ ಅಲ್ಲಿನ ಕಾಂತಕ್ಷೇತ್ರವನ್ನು ತುಸು ಕದಲಿಸುತ್ತದೆ. ಸಸೆಪ್ಟಿಬಿಲಿಟಿ ಎಂಆರ್‌ಐ ಹಿಡಿಯುವುದು ಅದನ್ನೇ.

ನೋಡುವಾಗ ಫ್ಲೇರ್ (ಲೀಶನ್ ಬೆಳ್ಳಗೆ ಕಾಣಿಸುವ ಎಂಆರ್‌ಐ ಬಗೆ) ಚಿತ್ರದಲ್ಲಿ ಬಿಳಿ ಲೀಶನ್ ಗುರುತಿಸಿಕೊಂಡು, ಅದೇ ಜಾಗವನ್ನು ಕಾಂತಕ್ಷೇತ್ರದ ಏರುಪೇರು ತೋರಿಸುವ ಫೇಸ್ ಚಿತ್ರದಲ್ಲಿ ಹುಡುಕಿ. ಅಂಚಿನುದ್ದಕ್ಕೂ ತೆಳ್ಳನೆಯ ಗೆರೆ ಕಂಡರೆ ಹತ್ತಿರದ ಸಿರೆಯ ಬಣ್ಣಕ್ಕೆ ಹೋಲಿಸಿ: ಸಿರೆ ಕಪ್ಪಾಗಿದ್ದರೆ ರಿಮ್ ಕೂಡ ಕಪ್ಪಾಗಿರಬೇಕು, ಬೆಳ್ಳಗಿದ್ದರೆ ಬೆಳ್ಳಗೆ. ಯಂತ್ರದಿಂದ ಯಂತ್ರಕ್ಕೆ ಇದು ತಿರುಗುಮುರುಗಾಗುವುದರಿಂದ ಈ ಹೋಲಿಕೆಯನ್ನು ಬಿಡಲೇಬಾರದು. ಗೆರೆ ಒಂದೇ ಸ್ಲೈಸಿನಲ್ಲಿ (ಮಿದುಳಿನ ಒಂದು ಪದರದ ಚಿತ್ರ) ಕಂಡರೆ ನಂಬಬೇಡಿ. ಅದು ಪಕ್ಕದಲ್ಲಿ ಹಾದುಹೋಗುವ ಸಿರೆಯೇ ಇರಬಹುದು. ಮುಂದಿನ ಸ್ಲೈಸ್‌ಗಳಲ್ಲಿ ಸಿರೆ ಲೀಶನ್ನನ್ನು ಬಿಟ್ಟು ತನ್ನ ದಾರಿ ಹಿಡಿಯುತ್ತದೆ, ರಿಮ್ ಅಂಚಿಗೇ ಅಂಟಿಕೊಂಡಿರುತ್ತದೆ. ಗ್ಯಾಡೋಲಿನಿಯಂ ಹೀರಿದ ಹೊಸ ಲೀಶನ್ನಿನಲ್ಲೂ ಇಂಥ ಗೆರೆ ಕಾಣಬಹುದು, ಕೆಲವೊಮ್ಮೆ ತಾನೇ ಮಾಯವಾಗುತ್ತದೆ. ಅದನ್ನು ದೀರ್ಘಕಾಲದ ಉರಿಯೂತದ ಲೆಕ್ಕಕ್ಕೆ ಹಾಕಬಾರದು.

ಎಣಿಕೆಗೆ ಬೆಲೆಯಿದೆ. 2019ರಲ್ಲಿ ಪ್ರಕಟವಾದ, 192 ಜನರ ಅಧ್ಯಯನದಲ್ಲಿ ನಾಲ್ಕು ಅಥವಾ ಹೆಚ್ಚು ರಿಮ್ ಲೀಶನ್ ಇದ್ದವರು ಚಲನೆಯ ಮತ್ತು ಗ್ರಹಣಶಕ್ತಿಯ ತೊಂದರೆಗೆ ಇತರರಿಗಿಂತ ಚಿಕ್ಕ ವಯಸ್ಸಿನಲ್ಲೇ ತುತ್ತಾಗಿದ್ದರು. ಮೆಕ್‌ಡೊನಾಲ್ಡ್ ಮಾನದಂಡಗಳ (ಎಂಎಸ್ ಗುರುತಿಸುವ ನಿಯಮಗಳು) 2024ರ ಪರಿಷ್ಕರಣೆಯಲ್ಲಿ ಈ ರಿಮ್‌ಗೆ ರೋಗನಿರ್ಣಯದಲ್ಲೂ ಜಾಗ ಸಿಕ್ಕಿದೆ.

ನಿಧಾನವಾಗಿ ಹಿಗ್ಗುವ ಲೀಶನ್ ಇನ್ನೊಂದು ಗುರುತು. ಒಂದೆರಡು ವರ್ಷಗಳ ಸ್ಕ್ಯಾನ್‌ಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ ಹಿಗ್ಗುವಿಕೆಯನ್ನು ಅಳೆಯುತ್ತಾರೆ. ಇಲ್ಲಿ ಸಿಗುವುದು ಉರಿಯೂತವಲ್ಲ, ಆಕಾರದ ಬದಲಾವಣೆ. ಹಾಗಾಗಿ ರಿಮ್ ಇರುವುದೆಲ್ಲ ಹಿಗ್ಗುವುದಿಲ್ಲ, ಹಿಗ್ಗುವುದಕ್ಕೆಲ್ಲ ರಿಮ್ ಇರುವುದಿಲ್ಲ. ಎರಡನ್ನೂ ಒಂದೇ ಎಂದು ಬರೆಯುವುದು ತಪ್ಪು.

ಮೈಕ್ರೋಗ್ಲಿಯಾ ಚಟುವಟಿಕೆಗೆ ಇನ್ನಷ್ಟು ಹತ್ತಿರ ಹೋಗುವುದು ಟಿಎಸ್‌ಪಿಒ ಪೆಟ್: ವಿಕಿರಣ ಸೂಸುವ ಟ್ರೇಸರನ್ನು ದೇಹಕ್ಕೆ ಸೇರಿಸಿ, ಅದು ಟಿಎಸ್‌ಪಿಒ ಎಂಬ ಪ್ರೋಟೀನಿಗೆ ಅಂಟುವುದನ್ನು ನೋಡುವ ಸ್ಕ್ಯಾನ್. ಆದರೆ ಟಿಎಸ್‌ಪಿಒ ಪ್ರೋಟೀನ್ ಆಸ್ಟ್ರೋಸೈಟ್ ಎಂಬ ಬೇರೆ ಮಿದುಳು ಕೋಶಗಳಲ್ಲೂ ರಕ್ತನಾಳದ ಒಳಪದರದಲ್ಲೂ ಇದೆ. ಜೊತೆಗೆ ಒಂದು ಜೀನ್ ವ್ಯತ್ಯಾಸದಿಂದಾಗಿ ಎರಡನೇ ತಲೆಮಾರಿನ ಬಹುತೇಕ ಟ್ರೇಸರ್‌ಗಳು ಎಲ್ಲರಲ್ಲೂ ಒಂದೇ ಬಿಗಿಯಲ್ಲಿ ಅಂಟುವುದಿಲ್ಲ. ಜೀನ್ ಪರೀಕ್ಷೆ ಮಾಡದೆ ಇಬ್ಬರ ಚಿತ್ರಗಳನ್ನು ಹೋಲಿಸಲಾಗದು. ಟ್ರೇಸರಿಗೆ ವಿಕಿರಣಶೀಲ ಕಾರ್ಬನ್-11 ಬಳಸಿದರಂತೂ ಅದರ ಅರ್ಧಾಯು ಸುಮಾರು 20 ನಿಮಿಷ, ಅಂದರೆ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರಬೇಕು. ಸಂಶೋಧನೆಗೆ ಇದು ಅಮೂಲ್ಯ. ದಿನನಿತ್ಯದ ಚಿಕಿತ್ಸೆಯಲ್ಲಿ ಕೈಗೆಟಕುವುದು ರಿಮ್ ಮಾತ್ರ, ಅದಕ್ಕೆ 3 ಟೆಸ್ಲಾ ಯಂತ್ರವೂ ಸರಿಯಾದ ಸೀಕ್ವೆನ್ಸೂ (ಚಿತ್ರ ತೆಗೆಯುವ ಕ್ರಮ) ಸಾಕು.