ಮುಂಭಾಗದ ವೈರು ತಪ್ಪಾದರೆ ಬೋರ್ಡ್ ಸುಡುತ್ತದೆಯೇ?

ಪ್ರಶ್ನೆ: ಮದರ್‌ಬೋರ್ಡ್ ಕೆಟ್ಟಿದ್ದರಿಂದ ಬೇರೆಯದನ್ನು ತಂದು ಅದೇ ಕ್ಯಾಬಿನೆಟ್‌ಗೆ ಕೂರಿಸಿದ್ದೇನೆ. ಈಗ ಉಳಿದಿರುವುದು ಮುಂಭಾಗದಿಂದ ಬರುವ ಸಣ್ಣ ಸಣ್ಣ ವೈರುಗಳು. ಹಳೆಯ ಬೋರ್ಡ್‌ನಲ್ಲಿ ಯಾವುದು ಎಲ್ಲಿತ್ತೆಂದು ಗುರುತು ಮಾಡಿಕೊಂಡಿರಲಿಲ್ಲ. ತಪ್ಪು ಪಿನ್ನಿಗೆ ಹಾಕಿದರೆ ಹೊಸ ಬೋರ್ಡ್ ಕೂಡ ಸುಟ್ಟುಹೋಗುತ್ತದೆಯೇ?

ಗುರುತು ಮಾಡಿಕೊಂಡಿದ್ದರೂ ಅಷ್ಟೇನೂ ಉಪಯೋಗವಾಗುತ್ತಿರಲಿಲ್ಲ, ಬೋರ್ಡ್ ಬದಲಾದರೆ ಪಿನ್ನುಗಳ ಜಾಗವೂ ಬದಲಾಗಬಹುದು. ಭಯ ಬೇಕಾದದ್ದು ಯುಎಸ್‌ಬಿ ವೈರಿನ ವಿಷಯದಲ್ಲಿ ಮಾತ್ರ. ಪವರ್ ಬಟನ್, ರೀಸೆಟ್, ಎರಡು ದೀಪ, ಇವು ತಲೆಕೆಳಗಾದರೆ ಆಗುವ ನಷ್ಟವೆಂದರೆ ಕ್ಯಾಬಿನೆಟ್ಟನ್ನು ಇನ್ನೊಮ್ಮೆ ಬಿಚ್ಚುವ ಕಿರಿಕಿರಿ, ಅಷ್ಟೇ.

ಪವರ್ ಬಟನ್ ಒತ್ತಿದಾಗ ಆಗುವುದು ಇಷ್ಟೇ: ಎರಡು ತಂತಿಗಳು ಕ್ಷಣಕಾಲ ಒಂದನ್ನೊಂದು ಮುಟ್ಟುತ್ತವೆ. ಅದನ್ನು ನೋಡಿ ಬೋರ್ಡ್ ಪವರ್ ಸಪ್ಲೈಗೆ 'ಎದ್ದೇಳು' ಎಂದು ಹೇಳುತ್ತದೆ. ಮನೆಯ ಕರೆಂಟು ಈ ಬಟನ್ ಹತ್ತಿರ ಸುಳಿಯುವುದೇ ಇಲ್ಲ. 1995ರಲ್ಲಿ ಎಟಿಎಕ್ಸ್ ಎಂಬ ಬೋರ್ಡ್ ವಿನ್ಯಾಸ ಬರುವುದಕ್ಕೆ ಮುಂಚಿನ ಕಂಪ್ಯೂಟರುಗಳಲ್ಲಿ ಮನೆಯ ಕರೆಂಟೇ ನೇರವಾಗಿ ಸ್ವಿಚ್ಚಿಗೆ ಬರುತ್ತಿತ್ತು. ಹಳಬರಿಗೆ ಇರುವ ಅಂಜಿಕೆ ಬಹುಶಃ ಆ ಕಾಲದ್ದು. ಮುಟ್ಟಿಸುವುದಷ್ಟೇ ಕೆಲಸವಾದ್ದರಿಂದ ಪವರ್, ರೀಸೆಟ್ ಎರಡಕ್ಕೂ ಪ್ಲಸ್ಸು, ಮೈನಸ್ಸು ಎಂಬುದಿಲ್ಲ. ಹೇಗೆ ತಿರುಗಿಸಿ ಹಾಕಿದರೂ ನಡೆಯುತ್ತದೆ.

ದೀಪಗಳದ್ದು ಬೇರೆ ಕಥೆ. ಎಲ್‌ಇಡಿಗೆ ದಿಕ್ಕುಂಟು, ಉಲ್ಟಾ ಹಾಕಿದರೆ ಉರಿಯುವುದಿಲ್ಲ. ಸುಡುವುದೂ ಇಲ್ಲ, ತೆಗೆದು ತಿರುಗಿಸಿ ಹಾಕಿದರೆ ಸರಿಹೋಗುತ್ತದೆ. ಸಾಮಾನ್ಯವಾಗಿ ಬಣ್ಣದ ವೈರು ಪ್ಲಸ್, ಬಿಳಿ ಅಥವಾ ಕಪ್ಪು ಮೈನಸ್.

ಇನ್ನು ಪಿನ್ನುಗಳು. ಬೋರ್ಡ್‌ನ ಕೆಳ ಅಂಚಿನಲ್ಲಿ ಎಫ್_ಪ್ಯಾನೆಲ್, ಜೆಎಫ್‌ಪಿ1 ಅಥವಾ ಬರೀ ಪ್ಯಾನೆಲ್ ಎಂದು ಬರೆದಿರುವ ಜಾಗ ಹುಡುಕಿ. ಐದೈದರ ಎರಡು ಸಾಲು, ಒಂದು ಮೂಲೆಯ ಪಿನ್ ಇರುವುದಿಲ್ಲ. ಬಿಡಿಯಾಗಿ ಮಾರುವ ಬೋರ್ಡುಗಳಲ್ಲಿ ಹೆಚ್ಚಿನವು ಒಂದೇ ಕ್ರಮ ಪಾಲಿಸುತ್ತವೆ, ಆ ಖಾಲಿ ಮೂಲೆಯೇ ನಿಮ್ಮ ದಾರಿದೀಪ. ಖಾಲಿ ಜಾಗವಿರುವ ಸಾಲಿನಲ್ಲಿ, ಅದರ ಪಕ್ಕದ ಎರಡು ಪಿನ್ ಪವರ್ ಬಟನ್‌ಗೆ. ಅದರಾಚೆಯ ಎರಡು ಪವರ್ ದೀಪಕ್ಕೆ. ಇನ್ನೊಂದು ಸಾಲಿನಲ್ಲಿ ಪವರ್ ಬಟನ್‌ನ ಎದುರಿಗೆ ರೀಸೆಟ್, ಪವರ್ ದೀಪದ ಎದುರಿಗೆ ಹಾರ್ಡ್‌ಡಿಸ್ಕ್ ದೀಪ. ಎರಡೂ ದೀಪಗಳ ಪ್ಲಸ್ ಖಾಲಿ ಮೂಲೆಯಿಂದ ದೂರದ ತುದಿಯಲ್ಲಿರುತ್ತದೆ. ಖಾಲಿ ಜಾಗದ ಎದುರಿನ ಒಂಟಿ ಪಿನ್ನಿಗೆ ಏನನ್ನೂ ಹಾಕಬೇಡಿ, ಕೆಲವು ಬೋರ್ಡ್‌ಗಳಲ್ಲಿ ಅಲ್ಲಿ 5 ವೋಲ್ಟ್ ಇರುತ್ತದೆ. ಹೀಗೆಂದು ಮ್ಯಾನುಯಲ್ ನೋಡುವುದನ್ನು ಬಿಡಬೇಡಿ. ಈ ಕ್ರಮವನ್ನು ಪಾಲಿಸದ ಬೋರ್ಡುಗಳೂ ಇವೆ.

ಅನುಮಾನವಿದ್ದರೆ ವೈರು ಹಾಕುವ ಮೊದಲೇ ಪರೀಕ್ಷಿಸಿ. ಪವರ್ ಸಪ್ಲೈ ಆನ್ ಮಾಡಿ, ಸ್ಕ್ರೂಡ್ರೈವರ್ ತುದಿಯಿಂದ ಪವರ್ ಬಟನ್‌ನ ಆ ಎರಡೇ ಪಿನ್ನುಗಳನ್ನು ಅರೆಕ್ಷಣ ಮುಟ್ಟಿಸಿ. ಫ್ಯಾನು ತಿರುಗಿದರೆ ಬೋರ್ಡ್‌ಗೆ ಕರೆಂಟು ಬರುತ್ತಿದೆ, ಜಾಗವೂ ಸರಿಯಿದೆ. ಆಮೇಲೂ ಬಟನ್ ಒತ್ತಿದರೆ ಏನೂ ಆಗದಿದ್ದರೆ ತಪ್ಪು ಬಟನ್ನಿನದು ಅಥವಾ ಅದರ ವೈರಿನದು. ಬಟನ್ನೇ ಹಾಳಾಗಿದ್ದರೆ ರೀಸೆಟ್ ವೈರನ್ನು ಪವರ್ ಪಿನ್ನಿಗೆ ಹಾಕಿಬಿಡಿ. ರೀಸೆಟ್ ಬಟನ್ನನ್ನು ಒತ್ತಿದ ನೆನಪು ಯಾರಿಗಿದೆ ಹೇಳಿ!

ಸುಸ್ತು ಮಾಡುವುದು ಕಂಪನಿ ಜೋಡಿಸಿ ಮಾರಿದ ಕಂಪ್ಯೂಟರಿನ ಕ್ಯಾಬಿನೆಟ್ಟು. ಅದರಲ್ಲಿ ಎಲ್ಲ ವೈರುಗಳೂ ಒಂದೇ ಪ್ಲಾಸ್ಟಿಕ್ ಬ್ಲಾಕಿಗೆ ಸೇರಿರುತ್ತವೆ, ಮೇಲೆ ಒಂದಕ್ಷರವೂ ಇರುವುದಿಲ್ಲ, ಕ್ರಮವೂ ಅವರದ್ದೇ. ಅಲ್ಲಿ ಕರೆಂಟು ಅಳೆಯುವ ಮಲ್ಟಿಮೀಟರ್ ಬೇಕು. ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ, ಪವರ್ ಬಟನ್ ಒತ್ತಿಹಿಡಿದು, ಅದರ ಎರಡು ಕಡ್ಡಿಗಳಿಂದ ಎರಡೆರಡೇ ವೈರುಗಳನ್ನು ಮುಟ್ಟುತ್ತಾ ಹೋಗಿ. ಒತ್ತಿದಾಗ ಕೂಗಿ ಬಿಟ್ಟಾಗ ಸುಮ್ಮನಾಗುವ ಜೋಡಿಯೇ ಪವರ್ ಬಟನ್ನಿನದು. ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ ಮುಟ್ಟಿಸಿದಾಗ ಮಂದವಾಗಿ ಮಿನುಗುವುದು ದೀಪದ ಜೋಡಿ, ಆಗ ಕೆಂಪು ಕಡ್ಡಿ ಮುಟ್ಟಿರುವುದೇ ಪ್ಲಸ್. ಸಿಕ್ಕ ಮೇಲೆ ಬ್ಲಾಕಿನ ಪುಟ್ಟ ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಮೀಟಿದರೆ ಲೋಹದ ತುದಿ ಸಮೇತ ವೈರು ಜಾರಿ ಬರುತ್ತದೆ. ವೈರು ಕತ್ತರಿಸಬೇಕಾಗಿಲ್ಲ. ಮೂರು ಕಿಂಡಿಯ ಪವರ್ ದೀಪದ ಪ್ಲಗ್ ಎರಡು ಪಿನ್ನಿಗೆ ಹೊಂದದಿದ್ದಾಗಲೂ ಇದೇ ಉಪಾಯ.

ಯುಎಸ್‌ಬಿ ವಿಷಯದಲ್ಲಿ ಮಾತ್ರ ಹೀಗೆ ಪ್ರಯೋಗ ಮಾಡಬೇಡಿ. ಅದರಲ್ಲಿ 5 ವೋಲ್ಟ್ ಸದಾ ಹರಿಯುತ್ತದೆ; ತಪ್ಪಾಗಿ ಹಾಕಿದರೆ ಪೆನ್‌ಡ್ರೈವ್ ಅಥವಾ ಬೋರ್ಡೇ ಹೋಗಬಹುದು. ಯುಎಸ್‌ಬಿ 2.0 ಪ್ಲಗ್‌ನಲ್ಲಿ ಮೂಲೆಯ ಕಿಂಡಿ ಮುಚ್ಚಿರುತ್ತದೆ, ಆಡಿಯೋ ಪ್ಲಗ್‌ನಲ್ಲಿ ಮೂಲೆಗಿಂತ ಒಂದು ಒಳಗಿನದು. ಈ ವ್ಯತ್ಯಾಸ ನೋಡಿಯೇ ಹಾಕಿ, ಒತ್ತಾಯ ಮಾಡಬೇಡಿ. ನಿಮ್ಮ ಕ್ಯಾಬಿನೆಟ್ಟಿನ ಯುಎಸ್‌ಬಿ ವೈರುಗಳು ಒಂದೊಂದೇ ಬಿಡಿಯಾಗಿದ್ದು ಅವುಗಳ ಗುರುತು ಸಿಗದಿದ್ದರೆ, ಟೇಪು ಸುತ್ತಿ ಪಕ್ಕಕ್ಕೆ ಕಟ್ಟಿಡಿ. ಹಿಂಭಾಗದ ಪೋರ್ಟುಗಳು ಇದ್ದೇ ಇವೆ.