ನಡುವಿನ ತೋಟ, ಅದರ ಬೀಗ

ಅಪಾರ್ಟ್‌ಮೆಂಟ್ ನಕ್ಷೆ ಕೈಗೆ ಬಂದರೆ ನಾನು ಮೊದಲು ಮನೆಗಳನ್ನು ನೋಡುವುದಿಲ್ಲ. ಕಟ್ಟದೆ ಬಿಟ್ಟ ಜಾಗ ಎಲ್ಲಿದೆ ಅಂತ ಹುಡುಕುತ್ತೇನೆ. ಎಷ್ಟೋ ಸಲ ಅದು ಕಾಂಪೌಂಡಿನ ಅಂಚಿನಲ್ಲಿ ಪಟ್ಟಿಪಟ್ಟಿಯಾಗಿ ಹಂಚಿಹೋಗಿರುತ್ತದೆ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಆ ಚೂರುಗಳನ್ನೆಲ್ಲ ಒಟ್ಟುಮಾಡಿ ನಡುವೆ ಇಟ್ಟರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿರುವ ಜಾಕ್ಸನ್ ಹೈಟ್ಸ್ ಎಂಬ ಬಡಾವಣೆಯ ಕಥೆ.

ನ್ಯೂಯಾರ್ಕಿನ ಹಳೆಯ ಸೈಟಿನ ಅಳತೆ 25 ಅಡಿ ಅಗಲ, 100 ಅಡಿ ಉದ್ದ. ಅದರಲ್ಲಿ ಬಾಡಿಗೆ ಮನೆಗಳನ್ನು ತುರುಕಿದಾಗ ನಡುವಿನ ಕೋಣೆಗಳಿಗೆ ಕಿಟಕಿಯೇ ಇರುತ್ತಿರಲಿಲ್ಲ. 1901ರ ಕಾನೂನು ಬಂದು, ಮೂಲೆ ಸೈಟಲ್ಲದಿದ್ದರೆ ಅದರ ಶೇಕಡಾ 70ಕ್ಕಿಂತ ಜಾಸ್ತಿ ಜಾಗದಲ್ಲಿ ಕಟ್ಟುವಂತಿಲ್ಲ ಎಂದಿತು. ಒಳ್ಳೆಯದೇ. ಆದರೆ ಸೈಟು ಅಷ್ಟು ಕಿರಿದಾಗಿದ್ದರೆ ಉಳಿದ ಜಾಗ ಹಿಂಬದಿಯ ಒಂದು ಗಲ್ಲಿ, ಅಷ್ಟೇ.

ಎಡ್ವರ್ಡ್ ಮೆಕ್‌ಡೂಗಲ್ ಎಂಬ ಉದ್ಯಮಿಯ ಕ್ವೀನ್ಸ್‌ಬರೋ ಕಾರ್ಪೊರೇಷನ್, 1909ರ ಹೊತ್ತಿಗೆ ಕ್ವೀನ್ಸ್‌ನಲ್ಲಿ ಮುಂದೆ ಜಾಕ್ಸನ್ ಹೈಟ್ಸ್ ಆದ ನೂರಾರು ಎಕರೆ ಹೊಲ ಕೊಳ್ಳಲು ತೊಡಗಿತು. ಅದೇ ವರ್ಷ ನಗರದ ಕೇಂದ್ರಭಾಗವಾದ ಮ್ಯಾನ್‌ಹ್ಯಾಟನ್‌ಗೆ ಸೇತುವೆಯಾಯಿತು. 1917ರಲ್ಲಿ ರೈಲೂ ಬಂತು. ಮಧ್ಯಮ ವರ್ಗದವರು ಆಫೀಸಿಗೆ ಹೋಗಿ ಬರಬಹುದು ಎಂದಾದ ಮೇಲೆ ಮನೆಗಳು ಎದ್ದವು. ಅಲ್ಲಿ ಹೆಸರು ಮಾಡಿದ ವಾಸ್ತುಶಿಲ್ಪಿ ಆಂಡ್ರ್ಯೂ ಜೆ. ಥಾಮಸ್. ಅವನ ಉಪಾಯ ಹೇಳಿದರೆ ಇಷ್ಟೇನಾ ಅನ್ನಿಸುತ್ತದೆ: ಸೈಟು ಸೈಟಾಗಿ ಯೋಚಿಸಬೇಡ, ನಾಲ್ಕು ರಸ್ತೆಗಳ ನಡುವಿನ ಇಡೀ ಬ್ಲಾಕನ್ನೇ ಒಂದು ಸೈಟು ಅಂದುಕೋ.

1919ರಲ್ಲಿ ಕೆಲಸ ಶುರುವಾದ ಲಿಂಡನ್ ಕೋರ್ಟ್ ಎಂಬ ಅಪಾರ್ಟ್‌ಮೆಂಟ್ ಸಂಕೀರ್ಣ ನೋಡಿ. ಹತ್ತು ಕಟ್ಟಡ, ಐದೈದರ ಎರಡು ಸಾಲು, ಮುಖ ಬೀದಿಗೆ. ಬೆನ್ನಿನ ಕಡೆ, ಎರಡು ಸಾಲಿನ ನಡುವೆ, ಎಲ್ಲರಿಗೂ ಸೇರಿದ ಉದ್ದನೆಯ ತೋಟ. ಕಟ್ಟಡಗಳ ಮಧ್ಯೆ ಸಂದು ಬಿಟ್ಟಿದ್ದರಿಂದ ಗಾಳಿ ಬೆಳಕು ಬದಿಯಿಂದಲೂ ಬರುತ್ತದೆ. ಕಾರಿಗೆ ಗ್ಯಾರೇಜುಗಳೂ ಇದ್ದವು, ಆ ಕಾಲಕ್ಕೇ! ಆಮೇಲೆ 12 ಕಟ್ಟಡಗಳ ಶಾಟೋ, 8 ಕಟ್ಟಡಗಳ ಟವರ್ಸ್ ಎಂಬ ಸಂಕೀರ್ಣಗಳು ಬಂದವು. ಹಿತ್ತಿಲು ಅನ್ನುವುದು ಕಸ ಹಾಕುವ ಜಾಗ ಎಂದಿದ್ದ ಊರಿನಲ್ಲಿ ಹಿತ್ತಿಲೇ ಮನೆಯ ಬೆಲೆ ಏರಿಸಿತು.

ಆದರೆ ತೋಟ ಉಳಿದದ್ದು ಥಾಮಸ್‌ನ ಪೆನ್ಸಿಲಿನಿಂದ ಮಾತ್ರ ಅಲ್ಲ. ಕಾಗದಪತ್ರದಿಂದ ಅಂತ ನನ್ನ ಅಭಿಪ್ರಾಯ. ಲಿಂಡನ್ ಕೋರ್ಟ್ ಆ ಬಡಾವಣೆಯ ಮೊದಲ ಸಹಕಾರಿ ಅಪಾರ್ಟ್‌ಮೆಂಟ್. ಸಹಕಾರಿ ಪದ್ಧತಿಯಲ್ಲಿ ನೀವು ಫ್ಲ್ಯಾಟ್ ಕೊಳ್ಳುವುದಿಲ್ಲ. ಇಡೀ ಕಟ್ಟಡದ ಒಡೆತನ ಇರುವ ಕಂಪನಿಯ ಷೇರು ಕೊಳ್ಳುತ್ತೀರಿ. ಆ ಷೇರಿನ ಜೊತೆಗೆ ಇಂಥ ಫ್ಲ್ಯಾಟಿನಲ್ಲಿ ಇರುವ ಹಕ್ಕು ಬರುತ್ತದೆ. ಕಟ್ಟಡದ ಸಾಲ, ತೆರಿಗೆ, ಚಳಿಗಾಲದ ಬಿಸಿ, ಮಾಲಿಯ ಸಂಬಳ ಎಲ್ಲ ಸೇರಿ ತಿಂಗಳಿಗೊಂದು ಮೊತ್ತ ಕಟ್ಟುತ್ತೀರಿ. ತೋಟದಲ್ಲಿ ‘ನನ್ನ ಪಾಲು’ ಅಂತ ಗೆರೆ ಎಳೆಯಲು ಯಾರಿಗೂ ಆಗುವುದಿಲ್ಲ. ಒಬ್ಬ ಬೇಲಿ ಹಾಕಿ, ಇನ್ನೊಬ್ಬ ಶೆಡ್ ಕಟ್ಟಿ, ಮೂರನೆಯವ ಮಾರಿಬಿಡುವ ನಮಗೆಲ್ಲ ಗೊತ್ತಿರುವ ಆ ಕಥೆ ಅಲ್ಲಿ ಶುರುವಾಗುವುದೇ ಇಲ್ಲ.

ಈ ಹೊಸ ಪದ್ಧತಿಯನ್ನು ಜನಕ್ಕೆ ಒಪ್ಪಿಸುವುದು ಸುಲಭವಿರಲಿಲ್ಲ. ಜಾಹೀರಾತಿಗೆ ಕಂಪನಿ ರೇಡಿಯೋವನ್ನೂ ಬಿಡಲಿಲ್ಲ. 1922ರ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯೂಇಎಎಫ್ ಕೇಂದ್ರದಲ್ಲಿ ಇಲ್ಲಿನ ಹಾಥಾರ್ನ್ ಕೋರ್ಟ್ ಎಂಬ ಅಪಾರ್ಟ್‌ಮೆಂಟ್ ಬಗ್ಗೆ ಒಂದು ಭಾಷಣ ಬಂತು. ದುಡ್ಡು ಕೊಟ್ಟು ಮಾಡಿಸಿದ ಮೊದಲ ರೇಡಿಯೋ ಜಾಹೀರಾತು ಎಂದು ಇವತ್ತು ಹೇಳುವುದು ಇದನ್ನೇ. ನಾವು ಎಫ್‌ಎಂನಲ್ಲಿ ಕೇಳುವ ಫ್ಲ್ಯಾಟ್ ಜಾಹೀರಾತುಗಳ ಮುತ್ತಜ್ಜ ಅನ್ನಿ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಸಹಕಾರದ ಇನ್ನೊಂದು ಮುಖ ಕಂಡಿತು. ಪಕ್ಕದವನು ದುಡ್ಡು ಕಟ್ಟದಿದ್ದರೆ ಅವನ ಹೊರೆ ನಿಮ್ಮ ತಲೆಗೆ. ಕೆಲವು ಸಂಕೀರ್ಣಗಳು ಮತ್ತೆ ಬಾಡಿಗೆಗೆ ಹೋದವು. ಆಗ ಕೆಲಸ ಕಳೆದುಕೊಂಡು ಜಾಕ್ಸನ್ ಹೈಟ್ಸ್‌ನಲ್ಲಿದ್ದ ಆಲ್ಫ್ರೆಡ್ ಬಟ್ಸ್, ಅಕ್ಷರಗಳ ಆಟವೊಂದನ್ನು ಕಟ್ಟುತ್ತಾ ಕೂತ. ಅದೇ ಮುಂದೆ ಸ್ಕ್ರ್ಯಾಬಲ್ ಆಯಿತು. ಬಟ್ಸ್ ಕೂಡ ವಾಸ್ತುಶಿಲ್ಪಿ. ಕೆಲಸವಿಲ್ಲದ ವಾಸ್ತುಶಿಲ್ಪಿ ಚೌಕ ಎಳೆಯದೆ ಇನ್ನೇನು ಮಾಡುತ್ತಾನೆ, ಅಲ್ವಾ?

ಇನ್ನು ಹೇಳಲು ಕಷ್ಟವಾದ ಮಾತು. ಪಕ್ಕದವನ ಸಾಲ ನಿಮ್ಮದೂ ಹೌದು ಅಂದಮೇಲೆ, ಅವನು ಯಾರು ಎಂದು ಕೇಳುವ ಹಕ್ಕೂ ನಿಮ್ಮದಾಗುತ್ತದೆ. ಜಾಕ್ಸನ್ ಹೈಟ್ಸ್ ಆ ಹಕ್ಕನ್ನು ಬಳಸಿದ್ದು ಯಹೂದಿಗಳನ್ನೂ ಕಪ್ಪು ಜನರನ್ನೂ ಹೊರಗಿಡಲು. ಇದು ಗುಟ್ಟಾಗಿ ನಡೆದದ್ದಲ್ಲ, ‘ಆಯ್ದ ನೆರೆಹೊರೆ’ ಎಂಬುದು ಮಾರಾಟದ ಸರಕೇ ಆಗಿತ್ತು. ಇಂಥವರಿಗೆ ಮನೆ ಮಾರಬಾರದು ಎಂಬ ಜನಾಂಗೀಯ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರುವಾಗ ಜನಾಂಗ, ಧರ್ಮ ನೋಡಬಾರದೆಂಬ ಕೇಂದ್ರ ಕಾನೂನು ಬಂದದ್ದು 1968ರಲ್ಲಿ. ತೋಟವನ್ನು ಕಾಪಾಡಿದ ಕಾಗದವೂ ಬಾಗಿಲು ಮುಚ್ಚಿದ ಕಾಗದವೂ ಒಂದೇ. ಹಳೆಯ ತೋಟದ ಫೋಟೋ ತೋರಿಸಿ ಹೊಗಳುವ ನಮ್ಮ ವೃತ್ತಿಯವರು ಇದನ್ನು ಸುಮ್ನೆ ದಾಟಿಬಿಡುತ್ತಾರೆ.

1965ರ ವಲಸೆ ಕಾನೂನಿನ ನಂತರ ಅಲ್ಲಿನ ಚಿತ್ರವೇ ಬದಲಾಯಿತು. ಕೊಲಂಬಿಯಾ, ಭಾರತ, ಬಾಂಗ್ಲಾದೇಶ ಹೀಗೆ ಎಲ್ಲೆಲ್ಲಿಂದಲೋ ಜನ ಬಂದರು. 74ನೇ ಬೀದಿಯಲ್ಲಿ ಸೀರೆ ಅಂಗಡಿಗಳೆದ್ದವು. 1993ರಲ್ಲಿ ನಗರ ಇದನ್ನು ಪಾರಂಪರಿಕ ಪ್ರದೇಶ ಎಂದು ಘೋಷಿಸಿತು.

ಒಳಗಿನ ತೋಟಗಳು ಈಗಲೂ ಹಸಿರಾಗಿವೆ, ಗೇಟಿಗೆ ಈಗಲೂ ಬೀಗವಿದೆ. ಹೊರಗಿನ ಬೀದಿಗಳಲ್ಲಿ ಎಲ್ಲರಿಗೂ ಸೇರಿದ ಪಾರ್ಕು ತೀರಾ ಕಡಿಮೆ. ಹಾಗಾಗಿ 2020ರಲ್ಲಿ ಸೋಂಕಿನ ಹೊತ್ತು 34ನೇ ಅವೆನ್ಯೂವನ್ನು 26 ಬ್ಲಾಕುಗಳ ಉದ್ದಕ್ಕೂ ಹಗಲಲ್ಲಿ ಕಾರುಗಳಿಗೆ ಮುಚ್ಚಿದರು. ಬೀಗ ಹಾಕಿದ ತೋಟಗಳ ಪಕ್ಕದಲ್ಲೇ, ಮಕ್ಕಳು ಟಾರು ರಸ್ತೆಯ ಮೇಲೆ ಸೈಕಲ್ ಕಲಿತರು.